ರೊಟ್ಟಿಗೆ ಹತ್ತಿದ ಗುಲಾಬಿ

ಜೇವರ್ಗಿಯ ನಮ್ಮ ಅಡಿಗೆಮನೆಯನ್ನು ಒಡೆದು ಕಟ್ಟಿಸುವ ಗೊಡವೆಯೇ ಬೇಡವೆಂದು, ಅತ್ತೆ ಸರಸಂಬಾಕ್ಕೆ ಹೋದಾಗ ಒಲೆಯ ಹಿಂದಿನ ಕಪ್ಪು ಗೋಡೆಗೆ ನಾನೇ ಗುಲಾಬಿ ಹೂವಿನ ಸ್ಟಿಕರ್ ಹಾಳೆ ಅಂಟಿಸಿದೆ. ಮರಳಿ ಬಂದ ಅತ್ತೆ ಒಲೆ ಹೊತ್ತಿಸಿದರು. ಜೋಳದ ರೊಟ್ಟಿ ಬಡಿದು ಸುಟ್ಟು, ಖಡಕ್ ಆಗಲೆಂದು ಎಂದಿನಂತೆ ಬಿಸಿಬಿಸಿಯಾಗಿಯೇ ಆ ಗೋಡೆಗೆ ಆನಿಸಿ ನಿಲ್ಲಿಸಿದರು.

ಸ್ವಲ್ಪ ಹೊತ್ತಿಗೆ ಒಂದನ್ನು ಎತ್ತಿಕೊಂಡೆ. ರೊಟ್ಟಿಯ ಬೆನ್ನಿಗೆ ಕೆಂಪು ಗುಲಾಬಿ ಹತ್ತಿತ್ತು, ಗೋಡೆಯ ಮೇಲೆ ಅದರ ಜಾಗ ಬೋಳಾಗಿತ್ತು. ಎರಡನೆಯದೂ ಹಾಗೇ, ಎಲ್ಲವೂ ಹಾಗೇ. ಹದಿನೈದು ವರ್ಷ ಆ ಗೋಡೆಗೆ ಆನಿಸಿದ ರೊಟ್ಟಿಯನ್ನೇ ತಿಂದವಳು ನಾನು. ಅಂಟಿಸುವಾಗ ಅದು ಹೇಗೆ ಮರೆತೆನೋ, ನನ್ನ ಮೇಲೇ ಸಿಟ್ಟು ಬಂತು.

ಅತ್ತೆ ರೊಟ್ಟಿಯನ್ನು ತಿರುವಿ ನೋಡಿದರು.

"ಕರೀ ಗ್ವಾಡಿ ಒಂದಿನಾನೂ ರೊಟ್ಟಿಗೆ ಹತ್ತಿದ್ದಿಲ್ಲ ಬೇ," ಅಂದರು.