ಗೌಡರ ದನಿ ಇದ್ದ ಕಂಪ್ಯೂಟರ್

2008ರಲ್ಲಿ ನನಗೆ ಕೊಯಮತ್ತೂರಿಗೆ ವರ್ಗವಾಯಿತು. ಕಚೇರಿ ಶರವಣಂಪಟ್ಟಿಯಲ್ಲಿ. ಚಿತ್ರದುರ್ಗದ ನನಗೆ ಬರುತ್ತಿದ್ದುದು ನಾಲ್ಕೇ ನಾಲ್ಕು ತಮಿಳು ಮಾತು. ಬಾಡಿಗೆ ಮನೆ ಹುಡುಕುತ್ತ ಒಂದು ಬಾಗಿಲ ಮುಂದೆ ನಿಂತು ಅವನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಾಗ, ಆ ಮನೆಯ ಹೆಂಗಸು ನಕ್ಕು, “ಕನ್ನಡದಲ್ಲೇ ಹೇಳು ಅಮ್ಮಣಿ” ಎಂದರು. ಅವರೇ ರಂಗಮ್ಮ. ಅವರ ಯಜಮಾನರು ನಂಜಪ್ಪ ಗೌಡರು. ಎಷ್ಟೋ ತಲೆಮಾರಿನ ಹಿಂದೆಯೇ ಅಲ್ಲಿ ನೆಲೆಸಿದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಗೌಡರು ಓದು ಬರಹ ಕಲಿತದ್ದು ತಮಿಳಿನಲ್ಲಿ. ರಂಗಮ್ಮನವರಿಗೆ ಯಾವ ಅಕ್ಷರವೂ ಬಾರದು. ಅವರ ಮಹಡಿ ಮನೆ ನನಗೆ ಸಿಕ್ಕಿತು.

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುತ್ತಿದ್ದ ಅವರ ಮಗಳು, ಮೊಮ್ಮಕ್ಕಳ ಫೋಟೊ ನೋಡಿಕೊಂಡಿರಲಿ ಎಂದು ಆಫೀಸಿನ ಹಳೆಯ ಕಂಪ್ಯೂಟರ್ ಒಂದನ್ನು ತಂದಿಟ್ಟಿದ್ದಳು. ಅದರ ತುಂಬ ವೈರಸ್. ನಾನು ಎಲ್ಲ ಅಳಿಸಿ ಲಿನಕ್ಸ್ ಹಾಕಿಕೊಟ್ಟೆ. ಓದಲು ಬಾರದ ರಂಗಮ್ಮನವರಿಗೆಂದು ಪರದೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳ ಶಾರ್ಟ್‌ಕಟ್ ಮಾಡಿದೆ. ಮೊಮ್ಮಗಳ ಮುಖ ಒತ್ತಿದರೆ ಫೋಟೊಗಳು, ದೀಪದ ಚಿತ್ರ ಒತ್ತಿದರೆ ಭಜನೆ. ಮೌಸ್ ಹಿಡಿಯಲು ಹೆದರುತ್ತಿದ್ದವರು ಸ್ವಲ್ಪ ದಿನದಲ್ಲೇ ಪಕ್ಕದ ಮನೆಯವರಿಗೆ ಹೇಳಿಕೊಡುವಷ್ಟಾದರು. ಹಳೆಯ ಯಂತ್ರ, ಯಾವಾಗ ಕೈಕೊಡುತ್ತದೋ ಎಂದು ವಾರಕ್ಕೊಮ್ಮೆ ಎಲ್ಲದರ ನಕಲು ತಾನಾಗಿಯೇ ಇನ್ನೊಂದು ಡಿಸ್ಕಿಗೆ ಹೋಗುವಂತೆ ಬ್ಯಾಕಪ್ ವ್ಯವಸ್ಥೆಯನ್ನೂ ಮಾಡಿಟ್ಟೆ.

ಮರುವರ್ಷ ಗೌಡರಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ರಂಗಮ್ಮ ನನ್ನನ್ನು ಕರೆದು, ಇವರ ಮಾತನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಡಲು ಆಗುತ್ತದೆಯೇ ಎಂದು ಕೇಳಿದರು. ನಾನು ಮೈಕ್ ತಂದೆ. ಏನು ಮಾತಾಡುವುದೆಂದು ತಿಳಿಯದೆ ಗೌಡರು ಬಾವಿ ತೋಡಿಸಿದ ಕಥೆ ಶುರು ಮಾಡಿದರು. ಕಥೆ ಬಂಡೆ ಸಿಕ್ಕಿದಲ್ಲಿಗೆ ಬಂದಾಗ, ಕಾಫಿ ಗುಟುಕರಿಸಿ, ಸಕ್ಕರೆಯೇ ಇಲ್ಲವಲ್ಲ ಎಂದು ಗೊಣಗಿದರು. ರಂಗಮ್ಮ ಕೂತಲ್ಲಿಂದಲೇ ಜಗಳ ತೆಗೆದರು. ಆಮೇಲೆ ಇಬ್ಬರೂ ನಕ್ಕರು. ಅದೂ ರೆಕಾರ್ಡ್ ಆಯಿತು. ಆ ಫೈಲಿಗೂ ಒಂದು ಶಾರ್ಟ್‌ಕಟ್ ಮಾಡಿ, ಗೌಡರ ಫೋಟೊವನ್ನೇ ಅದರ ಚಿತ್ರವಾಗಿ ಪರದೆಯ ನಡುವೆ ಇಟ್ಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕತ್ತಿನಲ್ಲಿ ಉಸಿರಾಟಕ್ಕೊಂದು ರಂಧ್ರ, ಅದರ ಮೇಲೊಂದು ತೆಳು ಬಟ್ಟೆ. ಗಾಳಿ ನುಂಗಿ, ತೇಗಿನ ಜೊತೆಗೆ ಮಾತು ಹೊರಡಿಸುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಗೌಡರು ಸ್ವಲ್ಪ ದಿನ ಅಭ್ಯಾಸ ಮಾಡಿ ಬಿಟ್ಟುಬಿಟ್ಟರು. ಹೆಂಡತಿಗೆ ಅವರ ಕೈಸನ್ನೆಯೇ ಸಾಕಾಗುತ್ತಿತ್ತು. ಕಷ್ಟವಾದದ್ದು ಗೌಡರಿಗೂ ನನಗೂ. ಸ್ಲೇಟಿನ ಮೇಲೆ ಅವರು ಬರೆಯುತ್ತಿದ್ದುದು ತಮಿಳು, ನನಗೆ ಓದಲು ಬಾರದು. ಒಂದೇ ಭಾಷೆಯಲ್ಲಿ ಅಷ್ಟು ಹರಟಿದ ನಾವು ಈಗ ಎದುರು ಸಿಕ್ಕರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆವು. ನಾನು ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಅಕ್ಷರ ಕೂಡಿಸಲು ಕಲಿಯತೊಡಗಿದೆ. ಪದ ಓದಿದರೂ ಅರ್ಥವಾಗುತ್ತಿರಲಿಲ್ಲ.

ಕೆಳಗಿನಿಂದ ದಿನವೂ ಬಾವಿಯ ಕಥೆ ಕೇಳಿಸುತ್ತಿತ್ತು. ಸಕ್ಕರೆಯ ಜಗಳ ಬಂದಾಗ ರಂಗಮ್ಮ ನಗುವುದೂ ಕೇಳಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ರಂಗಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕಣ್ಣು ಕೆಂಪಾಗಿತ್ತು. “ಅವರ ಕುರಲ್ ಹೋಗ್ಬುಡ್ತು ಅಮ್ಮಣಿ. ನಾನೇ ಏನೋ ಒತ್ತಿ ಕೆಡಿಸ್ಬುಟ್ಟೆ” ಎಂದರು. ಕುರಲ್ ಎಂದರೆ ಅವರ ಮಾತಿನಲ್ಲಿ ದನಿ.

ಕೆಳಗೆ ಹೋಗಿ ನೋಡಿದೆ. ಗೌಡರ ಫೋಟೊ ಪರದೆಯ ಮೇಲಿರಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿತ್ತು. ತಪ್ಪಿ ಒತ್ತಿದರೆ ಅಲ್ಲಿಗೆ ಹೋಗುವಂಥದ್ದಲ್ಲ, ಯಾರೋ ಹಿಡಿದು ಎಳೆದು ಹಾಕಿದ್ದರು. ತಲೆ ಎತ್ತಿದಾಗ ಬಾಗಿಲ ಹತ್ತಿರ ನಿಂತಿದ್ದ ಗೌಡರು ಹೇಳಬೇಡ ಎನ್ನುವಂತೆ ಕೈ ಅಲ್ಲಾಡಿಸಿದರು. ನಾನು ರಂಗಮ್ಮನವರಿಗೆ ಹೆದರಬೇಡಿ, ನೋಡುತ್ತೇನೆ ಎಂದು ಹೇಳಿ, ಕಾಫಿ ಮಾಡಿಕೊಂಡು ಬನ್ನಿ ಎಂದು ಒಳಗೆ ಕಳಿಸಿದೆ.

ಗೌಡರು ಸ್ಲೇಟು ತಂದು ಪಕ್ಕದಲ್ಲಿ ಕೂತರು. ನಿಧಾನವಾಗಿ, ಬಿಡಿಬಿಡಿಯಾಗಿ ತಮಿಳು ಅಕ್ಷರ ಬರೆದು ನನ್ನ ಮುಂದೆ ಹಿಡಿದರು. ನಾನು ಬಸ್ಸಿನ ಬೋರ್ಡು ಓದುವಂತೆ ಕೂಡಿಸಿದೆ. “ತಿನಾ...” ಎಂದೆ. ಅವರು ಅಲ್ಲವೆಂದು ತಲೆ ಆಡಿಸಿದರು. ತಮಿಳಿನಲ್ಲಿ ತ ಮತ್ತು ದ ಎರಡಕ್ಕೂ ಒಂದೇ ಅಕ್ಷರ ಎಂದು ಆಗ ಹೊಳೆಯಿತು. “ದಿನಾ” ಎಂದೆ. ಹೌದೆಂದರು. ಅವರು ತಮಿಳು ಅಕ್ಷರದಲ್ಲಿ ಕನ್ನಡವನ್ನೇ ಬರೆದಿದ್ದರು. ಮುಂದಿನದನ್ನು ತಡವರಿಸುತ್ತಲೇ ಓದಿದೆ:

“ದಿನಾ ಅದ್ನೇ ಕೇಳ್ತಾಳೆ. ನಾನು ಇಲ್ಲೇ ಇವ್ನಿ.”

ಅವರ ಎದುರಿಗೇ ಆ ಧ್ವನಿ ದಿನವೂ ಕಥೆ ಹೇಳಿತ್ತು, ಜಗಳವಾಡಿತ್ತು, ನಕ್ಕಿತ್ತು. ಅದರ ಮುಂದೆ ತಮ್ಮ ತೇಗಿನ ಮಾತು ತೆಗೆಯಲು ಅವರಿಗೆ ಹೇಗೆ ಮನಸ್ಸು ಬಂದೀತು?

ಆದರೂ ಇದ್ದದ್ದನ್ನು ಹೇಳಲೇಬೇಕಿತ್ತು. ನೀವು ತೆಗೆದು ಹಾಕಿದ್ದು ದಾರಿ ತೋರಿಸುವ ಬೋರ್ಡಿನಂಥದ್ದು ಅಷ್ಟೆ, ದನಿ ಒಳಗೇ ಇದೆ, ಇನ್ನೊಂದು ಡಿಸ್ಕಿನಲ್ಲಿ ಅದರ ನಕಲೂ ಇದೆ ಎಂದೆ. ಗೌಡರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸಮಾಧಾನವಾಯಿತೋ, ಸೋತೆ ಅನ್ನಿಸಿತೋ ಇವತ್ತಿಗೂ ನನಗೆ ಗೊತ್ತಿಲ್ಲ.

“ದನಿ ನಿಮ್ಮದು. ಪೂರ್ತಿ ಅಳಿಸು ಅಂದರೆ ಅಳಿಸ್ತೀನಿ” ಎಂದೆ. “ಆದರೆ ಅಮ್ಮ ತಾವೇ ಕೆಡಿಸಿದ್ದು ಅಂತ ಅಳ್ತಾ ಇದ್ದಾರೆ. ಅದಕ್ಕೆ ನಾನು ಹೂಂ ಅನ್ನಲಾರೆ.”

ಅವರು ಸ್ಲೇಟಿನಲ್ಲಿ ಬರೆದದ್ದನ್ನು ಅಂಗೈಯಿಂದ ಒರೆಸಿ, ಎದ್ದು ಅಡುಗೆಮನೆಗೆ ಹೋದರು.

ಒಳಗೆ ಏನು ನಡೆಯಿತೆಂದು ನನಗೆ ಕಾಣಿಸಲಿಲ್ಲ. ಕಾಣದಿರುವುದೇ ಸರಿ ಎಂದು ಕೂತೇ ಇದ್ದೆ. ಗೌಡರು ಕಂಪ್ಯೂಟರಿನ ಕಡೆ ಕೈ ತೋರಿಸಿ, ಆಮೇಲೆ ಹೆಂಡತಿಯ ಕೈ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು ಎಂದು ರಂಗಮ್ಮ ಎಷ್ಟೋ ದಿನದ ನಂತರ ಹೇಳಿದರು. ಆವತ್ತು ಹೊರಗೆ ಬಂದ ರಂಗಮ್ಮ ಕಾಫಿ ಲೋಟವನ್ನು ನನ್ನ ಮುಂದಿಟ್ಟು, ಪರದೆಯನ್ನು ಒಮ್ಮೆ ನೋಡಿದರು.

“ಅದು ಒಳಗೇ ಇರ್ಲಿ ಅಮ್ಮಣಿ. ಮೇಲೆ ಬೇಡ” ಎಂದರು. ಆಮೇಲೆ ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿ, “ಇನ್ಮೇಲೆ ನೀವೇ ಮಾತಾಡಿ. ಹೆಂಗ್ ಬಂದ್ರೂ ಸರಿ, ನಾ ಕೇಳ್ತೀನಿ” ಎಂದರು.

ನಾನು ಫೈಲನ್ನಾಗಲಿ ನಕಲನ್ನಾಗಲಿ ಮುಟ್ಟಲಿಲ್ಲ. ಪರದೆಯ ನಡುವೆ ಗೌಡರ ಫೋಟೊ ಇದ್ದ ಜಾಗ ಖಾಲಿಯೇ ಉಳಿಯಿತು.

ಮರುದಿನದಿಂದ ಸಂಜೆಯ ಹೊತ್ತು ಕೆಳಗಿನಿಂದ ಬೇರೆ ಸದ್ದು ಬರತೊಡಗಿತು. ಮೊದಮೊದಲು ಬರೀ ತೇಗು, ಕೆಮ್ಮು. ನಡುನಡುವೆ ರಂಗಮ್ಮ ಗದರುವುದು. ನಾನು ಮೈಸೂರಿಗೆ ವರ್ಗವಾಗಿ ಹೊರಡುವ ಹೊತ್ತಿಗೆ ಗೌಡರು ಹೆಂಡತಿಯ ಹೆಸರನ್ನು ಎರಡು ತುಂಡು ಮಾಡಿ ಕರೆಯುವಷ್ಟಾಗಿದ್ದರು.

ಮೈಸೂರಿಗೆ ಬಂದು ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನ್ ಬಂತು. ಆ ಕಡೆಯಿಂದ ಬರೀ ಗರಗರ. ಲೈನು ಸರಿಯಿಲ್ಲವೆಂದು ಇಡಲು ಹೊರಟಿದ್ದೆ. ಅಷ್ಟರಲ್ಲಿ ಆ ಗರಗರದೊಳಗಿಂದ ಒಂದೊಂದೇ ಮಾತು ಬಂತು.

“ಅಮ್ಮಣಿ... ಊಟ... ಆಯ್ತಾ?”

ನಾನು ಫೋನನ್ನು ಇನ್ನೊಂದು ಕಿವಿಗೆ ಒತ್ತಿ ಹಿಡಿದೆ. ಅವಳಿಗೆ ಕೇಳಿಸಿಲ್ಲ, ಇನ್ನೊಂದು ಸಲ ಹೇಳಿ ಎಂದು ಹಿಂದಿನಿಂದ ರಂಗಮ್ಮ ಹೇಳುವುದು ಕೇಳಿಸಿತು. ಗೌಡರು ಉಸಿರು ಕೂಡಿಸಿಕೊಂಡು ಮತ್ತೆ ಅದನ್ನೇ ಕೇಳಿದರು. ಆಯ್ತು ಅಯ್ಯಾ ಎಂದೆ.

ಆ ಹಳೆಯ ಫೈಲು ಈಗ ಎಲ್ಲಿದೆಯೋ, ಯಾರಾದರೂ ತೆರೆದು ಕೇಳಿದರೋ, ನಾನು ವಿಚಾರಿಸಲಿಲ್ಲ. ಬಾವಿ ತೋಡಿಸಿದ ಕಥೆ ನೆನಪಿದೆ, ಅದನ್ನು ಹೇಳಿದ ದನಿ ಮಾತ್ರ ನನ್ನ ಮನಸ್ಸಿನಲ್ಲಿ ಮಾಸಿದೆ. ಗೌಡರನ್ನು ನೆನೆದಾಗ ಈಗ ನನಗೆ ಕೇಳಿಸುವುದು ಫೋನಿನಲ್ಲಿ ಊಟ ಆಯ್ತಾ ಎಂದು ಎರಡು ಸಲ ಕೇಳಿದ ಆ ಒರಟು ದನಿಯೇ.