ತ್ರ್ಯಂಬಕ ಮಾಸ್ತರರ ಪಟ್ಟಿ ದೋಣಿ

ಹುಬ್ಬಳ್ಳಿಯ ದೇಶಪಾಂಡೆ ನಗರದ ತ್ರ್ಯಂಬಕ ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಅವರಿಗೊಂದು ಕೊರಗು ಹತ್ತಿಕೊಂಡಿತು: ಇಷ್ಟು ವರ್ಷದ ಬಾಳಿನಲ್ಲಿ ತಾವೊಬ್ಬರೇ ಮಾಡಿದ್ದು ಅಂತ ಒಂದೂ ಇಲ್ಲ. ನೌಕರಿ ಸೋದರಮಾವ ಹಚ್ಚಿದ್ದು. ಹೆಂಡತಿ ನಿರುಪಮಾಬಾಯಿಯನ್ನು ಸೋದರತ್ತೆ ನೋಡಿ ಒಪ್ಪಿದ್ದು. ಮನೆಯ ನಕಾಶೆ ಭಾವಮೈದುನನದು. ಅಂಗಳದಲ್ಲಿ ಪೇರಲ ಗಿಡಕ್ಕೆ ಅವರು ಎಡಗಡೆ ಗುಂಡಿ ತೋಡಿದರೆ, ನೋಡಲು ಬಂದವರು ಬಲಗಡೆ ನೆಟ್ಟು, ನೀರೂ ಹಾಕಿ ಹೋಗಿದ್ದರು. ಒಬ್ಬ ಮನುಷ್ಯ ಒಂಟಿಯಾಗಿ ಮೊಳೆ ಬಡಿಯುವುದನ್ನು ನೋಡಿಯೂ ಸುಮ್ಮನೆ ಹೋಗುವಷ್ಟು ಕಲ್ಲೆದೆ ನಮ್ಮ ಕಡೆ ಯಾರಿಗಿದೆ?

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ಮಾಸ್ತರರು ವಾಚನಾಲಯದಲ್ಲಿ ಒಂದು ಅಮೆರಿಕದ ಮಾಸಪತ್ರಿಕೆ ತಿರುವುತ್ತಿದ್ದರು. ತೆಳ್ಳನೆಯ ಕಟ್ಟಿಗೆಪಟ್ಟಿಗಳನ್ನು ಒಂದರ ಮಗ್ಗುಲಿಗೊಂದು ಅಂಟಿಸಿ ಹಗುರ ದೋಣಿ ಮಾಡುವ ಬಗೆ ಅದರಲ್ಲಿ ಚಿತ್ರಸಮೇತ ಇತ್ತು. ಉಣಕಲ್ ಕೆರೆ ಮನೆಯಿಂದ ಸೈಕಲ್ ತುಳಿಯುವಷ್ಟು ದೂರ. ಮಾಸ್ತರರು ನಿಶ್ಚಯ ಮಾಡಿದರು. ಇದು ತಮ್ಮ ಕೈಯಿಂದಲೇ ಆಗಬೇಕು, ಮತ್ತೊಬ್ಬರ ಕೈ ತಾಗಬಾರದು. ಹಳೇ ಹುಬ್ಬಳ್ಳಿಯ ಕಮರುದ್ದೀನನ ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಯನ್ನು ಹೆಬ್ಬೆರಳಿನ ಅಗಲದ ಪಟ್ಟಿಗಳಾಗಿ ಕೊಯ್ಸಿ ತಂದರು. ಕೊಯ್ದದ್ದು ಗರಗಸದ ಮಶಿನ್ನು, ಮಶಿನ್ನಿಗೆ ಕೈ ಇರುವುದಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹಿತ್ತಲಿನ ತಗಡಿನ ಚಪ್ಪರದಡಿ ಕೆಲಸ ಶುರುವಾಯಿತು. ದೋಣಿಯನ್ನು ಅಡ್ಡಡ್ಡ ಕೊಯ್ದರೆ ಹೇಗೆ ಕಾಣುವುದೋ ಆ ಆಕಾರದ ಹಲಗೆಗಳನ್ನು ಉದ್ದನೆಯ ತೊಲೆಯ ಮೇಲೆ ಸಾಲಾಗಿ ನಿಲ್ಲಿಸಿದರು. ದೋಣಿ ಬೋರಲಾಗಿ ಹುಟ್ಟಬೇಕು. ಅಂಚಿನಿಂದ ಆರಂಭಿಸಿ ಬೆನ್ನಿನವರೆಗೆ ಒಂದೊಂದೇ ಪಟ್ಟಿಯನ್ನು ಆ ಹಲಗೆಗಳ ಮೇಲೆ ಬಗ್ಗಿಸಿ, ಅದರ ಮಗ್ಗುಲನ್ನು ರಂಧಾ ಎಂಬ ಕೀಸುಳಿಯಿಂದ ಓರೆಯಾಗಿ ಹೆರೆದು, ಮುಂಬಯಿಯಿಂದ ತರಿಸಿದ ನೀರಿಗೆ ಕರಗದ ಅಂಟು ಹಚ್ಚಿ, ಸಣ್ಣ ಮೊಳೆಯಿಂದ ತಾತ್ಕಾಲಿಕವಾಗಿ ಹಿಡಿಸಬೇಕು. ಅಂಟು ಒಣಗಿದ ಮೇಲೆ ಮೊಳೆ ಕಿತ್ತು, ಪಾಲಿಶ್ ಪೇಪರಿನಿಂದ ಮೈಯೆಲ್ಲ ಒಂದೇ ಸಮ ಉಜ್ಜಬೇಕು. ಅಂಟಿಸುವ ತನಕ ಮಾಸ್ತರರ ವ್ರತಕ್ಕೆ ಭಂಗ ಬರಲಿಲ್ಲ. ಅಂಟಿನ ವಾಸನೆಗೆ ಯಾರೂ ಹತ್ತಿರ ಸುಳಿಯಲಿಲ್ಲ.

ಉಜ್ಜುವ ಕೆಲಸಕ್ಕೆ ವಾಸನೆ ಇರಲಿಲ್ಲ. ಮೊದಲು ಬಂದವರು ಎದುರುಮನೆಯ ಬಾಳಕೃಷ್ಣರಾಯರು, ಕೋರ್ಟಿನ ಕಾರಕೂನಿಕೆಯಿಂದ ಪೆನ್ಶನ್ ಆದವರು. ಸಂಜೆಯ ಓರೆಬಿಸಿಲಿಗೆ ಚಪ್ಪರದಡಿ ನೆರಳಿದ್ದದ್ದು ಒಂದೇ ಕಡೆ. ಅಲ್ಲಿ ಕುರ್ಚಿ ಹಾಕಿದ್ದಾಯಿತು. ನಿರುಪಮಾಬಾಯಿ ಚುರಮರಿ, ಚಹಾ ಕೊಟ್ಟರು. ಚಹಾ ಕುಡಿದು ಬರಿಗೈಯಲ್ಲಿ ಎದ್ದು ಹೋದರೆ ಹೇಗೆ? ರಾಯರು ಅಲ್ಲೇ ಬಿದ್ದಿದ್ದ ಪೇಪರು ತೆಗೆದುಕೊಂಡು ಕುರ್ಚಿಯಲ್ಲಿ ಕುಳಿತೇ ಎದುರಿಗಿದ್ದ ಜಾಗವನ್ನು ಚೆನ್ನಾಗಿ ತಿಕ್ಕಿದರು. ನಂತರ ಓಣಿಯೆಲ್ಲ ಬಂತು. ಅದೇ ಕುರ್ಚಿ, ಅದೇ ಚಹಾ, ಅದೇ ಜಾಗ.

ಮಾಸ್ತರರು ಪೇಪರು ಅಡಗಿಸಿಟ್ಟರು. ಬಾಳಕೃಷ್ಣರಾಯರು ಮನೆಯಿಂದ ತಮ್ಮದೇ ತಂದರು. ಕೈಗೆ ಸಿಬಿರು ಚುಚ್ಚೀತು ಎಂದು ಹೆದರಿಸಿದರೆ, ಹೆಗಲ ಮೇಲಿನ ಟವೆಲ್ಲನ್ನೇ ಕೈಗೆ ಸುತ್ತಿಕೊಂಡರು. ಚಹಾ ನಿಲ್ಲಿಸು ಎಂದು ಹೆಂಡತಿಗೆ ಹೇಳಿದರೆ ಅವರು ಸೌಟು ಕೆಳಗಿಟ್ಟರು.

“ಚಹಾ ಕೊಡಲಿಲ್ಲಂದ್ರ ಓಣ್ಯಾಗ ಮಾತು ನನಗ ಬರ್ತಾವ, ನಿಮ್ಮ ದೋಣಿಗೆ ಬರೂದಿಲ್ಲ. ಕೈ ಹಚ್ಚಬ್ಯಾಡ್ರಿ ಅಂತ ನೀವ ಒಂದ್ ಮಾತ ಹೇಳಿದ್ರ ಮುಗೀತಲ್ಲ?”

“ವಯಸ್ಸಾದವ್ರು. ಹ್ಯಾಂಗ ಹೇಳ್ಲಿ?”

“ಹಂಗಾರ ತಿಕ್ಕಸ್ಕೋರಿ.”

ಮಳೆಗಾಲ ಮುಗಿದು ಕೆರೆ ತುಂಬಿದಾಗ ದೋಣಿಯನ್ನು ಅಚ್ಚಿನ ಹಲಗೆಗಳಿಂದ ಬಿಡಿಸಿದರು. ಮಾಸ್ತರರು ಒಳಗೆ ತಲೆ ಹಾಕಿ ನೋಡಿದರೆ ಎಲ್ಲೆಡೆ ಕತ್ತಲು. ಕುರ್ಚಿಯ ಎದುರು ಎಲ್ಲರೂ ತಿಕ್ಕಿ ತೆಳ್ಳಗಾಗಿಸಿದ ಜಾಗದಲ್ಲಿ ಮಾತ್ರ, ಹಪ್ಪಳವನ್ನು ಬಿಸಿಲಿಗೆ ಹಿಡಿದಂತೆ, ಕೆಂಪಗೆ ಬೆಳಕು. ಓಣಿಯ ಪ್ರೀತಿಯಷ್ಟೂ ಅಲ್ಲಿ ಕೂಡಿತ್ತು. ಅವರು ಬಹಳ ಹೊತ್ತು ತಲೆ ಹೊರಗೆ ತೆಗೆಯಲಿಲ್ಲ. ಆಮೇಲೆ ಆ ಜಾಗಕ್ಕೆ ಮಾಂಜರಪಾಟು ಬಟ್ಟೆಯ ತುಂಡು ಅಂಟಿಸಿ ಮೇಲೆ ವಾರ್ನಿಶ್ ಬಳಿದರು, ಯಾರಿಗೂ ಹೇಳಲಿಲ್ಲ.

ರವಿವಾರ ಓಣಿಯ ಜನ ದೋಣಿ ಹೇರಿದ ಚಕ್ಕಡಿಯ ಹಿಂದೆಯೇ ಉಣಕಲ್ಲಿಗೆ ನಡೆದರು. ನಿರುಪಮಾಬಾಯಿ ಕಿಟ್ಲಿಯಲ್ಲಿ ಚಹಾ ತಂದಿದ್ದರು. ಮಾಸ್ತರರು ಒಬ್ಬರೇ ಹತ್ತಿ, ಒಬ್ಬರೇ ಹುಟ್ಟು ಹಾಕಿ, ದಂಡೆ ಬಿಟ್ಟರು. ದೋಣಿ ತೇಲಿತು. ನೇರವಾಗಿ, ಹಗುರಾಗಿ, ಚಿತ್ರದಲ್ಲಿದ್ದಂತೆಯೇ ಸಾಗಿತು. ಅಷ್ಟರಲ್ಲಿ ಎಡಪಾದ ತಣ್ಣಗಾಯಿತು. ತೆಳ್ಳಗಾದ ಪಟ್ಟಿ ಸೀಳಿತ್ತು; ಮಾಂಜರಪಾಟು ಹೊಟ್ಟೆ ಉಬ್ಬಿಸಿಕೊಂಡು, ಅಂಚಿನಿಂದ ನೀರು ಒಳಗೆ ಬಿಡುತ್ತಿತ್ತು.

ಅವರು ತಂಬಿಗೆಯಿಂದ ನೀರು ಎತ್ತಿ ಚೆಲ್ಲಿದರು. ಹುಟ್ಟು ಹಾಕಿದರೆ ನೀರು ಏರುವುದು, ನೀರು ಚೆಲ್ಲಿದರೆ ದೋಣಿ ತಿರುಗುವುದು. ದಂಡೆಯಿಂದ ಸಲಹೆಗಳು ಬಂದವು: ಎಡಕ್ಕೆ ವಾಲಿ, ಬಲಕ್ಕೆ ಕುಳಿತುಕೊಳ್ಳಿ, ಧೋತರ ತುರುಕಿ. ಹೇಗೋ ಹಿಂದಿರುಗಿ ದಂಡೆಯ ಸಮೀಪ ಬರುವಷ್ಟರಲ್ಲಿ ದೋಣಿ ತುಂಬಿ ಕೆಸರಿನ ಮೇಲೆ ಕುಳಿತುಬಿಟ್ಟಿತು. ಮಾಸ್ತರರು ಸೊಂಟದುದ್ದ ನೀರಿನಲ್ಲಿ ನಿಂತರು.

ಬಾಳಕೃಷ್ಣರಾಯರು ಆಗಲೇ ಧೋತರ ಎತ್ತಿ ಕಟ್ಟಿ ನೀರಿಗಿಳಿದಿದ್ದರು. ಹಿಂದೆ ಇನ್ನೂ ನಾಲ್ಕಾರು ಜನ. ರಾಯರ ಕೈ ದೋಣಿಯ ಅಂಚಿಗೆ ಬಂತು.

“ಕೈ ಹಚ್ಚಬ್ಯಾಡ್ರಿ,” ಎಂದರು ಮಾಸ್ತರರು.

ಧ್ವನಿ ದೊಡ್ಡದಾಗೇನೂ ಇರಲಿಲ್ಲ. ಆದರೂ ರಾಯರು ಬಿಸಿ ಹಂಚು ಮುಟ್ಟಿದವರಂತೆ ಕೈ ತೆಗೆದರು. ಹಿಂದಿನವರೂ ನಿಂತಲ್ಲೇ ನಿಂತರು.

“ಬ್ಯಾಡಾದ್ರ ಮದಲ ಹೇಳೂದಲ್ರಿ, ಮಾಸ್ತರ,” ಎಂದರು ರಾಯರು, ನಿಜವಾಗಿಯೂ ನೊಂದು. “ತಿಕ್ಕಿ ಸವದ ನಮ್ಮ ಬೆರಳು ಉಳೀತಿದ್ವು.”

ಎಲ್ಲರೂ ದಂಡೆಗೆ ಹೋಗಿ ಕೈಕಟ್ಟಿ ನಿಂತರು. ನಿರುಪಮಾಬಾಯಿ ಎಲ್ಲರಿಗೂ ಚಹಾ ಹಾಕಿ ಕೊಟ್ಟರು. ಮಾಸ್ತರರು ದೋಣಿಯ ಮೂತಿ ಹಿಡಿದು ಜಗ್ಗಿದರು. ನೀರು ತುಂಬಿದ ಸಾಗವಾನಿ ಒಂದು ಗೇಣು ಮೇಲೆ ಬಂದು, ಎರಡು ಗೇಣು ಕೆಳಗೆ ಜಾರಿತು. ಅವರು ಮತ್ತೆ ಜಗ್ಗಿದರು. ಓಣಿಯೆಲ್ಲ ನೋಡುತ್ತಿತ್ತು. ಯಾರೂ ಕೈ ಹಚ್ಚಲಿಲ್ಲ.