ಸೋಮವಾರದ ಮೋಟಾರ್ ಕ್ಲಬ್

ಈಗಿನವರಿಗೆ ಹೇಳಿದರೆ ನಗುತ್ತಾರೆ. ಆದರೆ ಶಿಕಾರಿಪುರ ಮತ್ತು ಸೊರಬದ ನಡುವೆ ಒಂದು ಕಾಲದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳದ್ದೇ ಒಂದು ಕ್ಲಬ್ ಇತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ದಿನಗಳು. ಕಾರುಗಳು ಐದೋ ಆರೋ ಇದ್ದವು, ಎಲ್ಲವೂ ಯುದ್ಧಕ್ಕೆ ಮೊದಲಿನವು. ಕಾಫಿ ತೋಟದ ದೊರೆಗಳು ಇಂಗ್ಲೆಂಡಿಗೆ ಹೊರಟಾಗ ಬಿಟ್ಟುಹೋದದ್ದನ್ನು ನಮ್ಮವರು ಕೊಂಡು ತಂದಿದ್ದರು. ಒಂದಕ್ಕೆ ಹುಡ್ ಇರಲಿಲ್ಲ, ಇನ್ನೊಂದಕ್ಕೆ ಬಾಗಿಲಿನ ಬದಲು ಹಗ್ಗ. ದಾರಿಯಲ್ಲಿ ಯಾವುದಾದರೂ ಒಂದು ನಿಂತೇ ನಿಲ್ಲುತ್ತಿತ್ತು, ಉಳಿದವರು ಇಳಿದು ತಳ್ಳುತ್ತಿದ್ದರು. ಪೇಟೆಯ ಜನ ಇದಕ್ಕೆ ‘ತಳ್ಳೋ ಸಂಘ’ ಅಂತಲೇ ಹೆಸರಿಟ್ಟಿದ್ದರು.

ಅಪ್ಪ ಶಿಕಾರಿಪುರದಲ್ಲಿ ವಕೀಲರು. ಅವರದ್ದು ಎರಡೇ ಸೀಟಿನ ಕಡುಹಸಿರು ಗಾಡಿ, ಮುಂದಿನ ಬಾನೆಟ್ಟಿಗೆ ಚರ್ಮದ ಬೆಲ್ಟು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿ ಆ ವರ್ಷವೇ ಮನೆಗೆ ಬಂದಿದ್ದೆ. ಪಿಯಾನೋ, ಟೇಬಲ್ ಮ್ಯಾನರ್ಸ್, ಹೆಮ್ ಸ್ಟಿಚ್, ಇಷ್ಟೆಲ್ಲ ಕಲಿತು ಬಂದವಳಿಗೆ ಶಿಕಾರಿಪುರದಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಮದುವೆಯ ಮಾತು ನಡೆಯುತ್ತಿತ್ತು. ಸೋ ಐ ವೇಟೆಡ್. ಸಂಜೆ ಅಪ್ಪನ ಕಾರು ಒರೆಸುತ್ತಿದ್ದೆ.

ಕ್ಲಬ್ಬಿಗೆ ಇದ್ದದ್ದು ಒಂದೇ ರೂಲು. ಗಾಡಿ ಯಾರದ್ದೋ ಅವರೇ ಓಡಿಸಬೇಕು. ಆಗ ಕಾರಿದ್ದ ಸಾಹುಕಾರರೆಲ್ಲ ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರು. ನಮ್ಮವರು ಹಾಗಲ್ಲ ಅನ್ನುವುದೇ ಕ್ಲಬ್ಬಿನ ದೊಡ್ಡಸ್ತಿಕೆ. ಡ್ರೈವರ್ ಇಟ್ಟವನು ಆ ದಿನದಿಂದಲೇ ಮೆಂಬರ್ ಅಲ್ಲ.

ರೂಲು ಅಲ್ಲದ ರೂಢಿಯೊಂದಿತ್ತು. ಟೂರು ಹೊರಡುವುದು ಸೋಮವಾರ ಮಾತ್ರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹೊಲ, ಗದ್ದೆ, ಗಾಡಿ ಎಲ್ಲಕ್ಕೂ ರಜೆ. ಮಿಕ್ಕ ಆರು ದಿನ ಶಿರಾಳಕೊಪ್ಪದ ರಸ್ತೆಯ ತುಂಬ ಎತ್ತಿನ ಗಾಡಿಗಳ ಸಾಲು. ಸೋಮವಾರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಖಾಲಿ ರಸ್ತೆ. ಕೋರ್ಟು, ಮಿಲ್ಲು, ಆಸ್ಪತ್ರೆ ಎಲ್ಲಕ್ಕೂ ಏನಾದರೊಂದು ನೆಪ ಹೇಳಿ ಇವರೆಲ್ಲ ತಪ್ಪಿಸಿಕೊಂಡು ಬರುತ್ತಿದ್ದರು, ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗರ ಹಾಗೆ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಮೈಸೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಬಂದ ದಿನ ಊಟಕ್ಕೆ ಕೂತಾಗ ಎಲೆಯ ಎಡಗಡೆಯಲ್ಲಿದ್ದ ನೀರಿನ ಲೋಟ ಕೈತಾಗಿ ಉರುಳಿತು. ಅಮ್ಮ ಒರೆಸಿದರು. ಆಮೇಲೆ ಅಪ್ಪ ನನ್ನನ್ನು ಆಫೀಸ್ ರೂಮಿಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳಿದರು.

“ಎದುರಿಗಿರೋದು ಚೆನ್ನಾಗಿ ಕಾಣ್ತದೆ ಮಗೂ. ಪಕ್ಕದ್ದು, ಕಾಲ ಬುಡದ್ದು ಮಾತ್ರ ಪರದೆ ಎಳೆದ ಹಾಗೆ. ಪರದೆ ಇನ್ನೂ ಒಳಗೆ ಬರ್ತದಂತೆ. ಡ್ರಾಪ್ಸ್ ಹಾಕಿದ್ರೆ ನಿಧಾನವಾಗಿ ಬರ್ತದಂತೆ.”

“ಡಾಕ್ಟ್ರು ಗಾಡಿ ಓಡಿಸ್ಬೇಡಿ ಅಂದ್ರಾ, ಅಪ್ಪ?”

“ನನ್ನ ಹತ್ರ ಗಾಡಿ ಇದೆ ಅಂತ ನಾನು ಹೇಳ್ಲೇ ಇಲ್ಲ,” ಅಂದು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

ಕೋರ್ಟಿನ ಕಾಗದ ಓದುವುದಕ್ಕೆ ಅವರಿಗೆ ತೊಂದರೆ ಇರಲಿಲ್ಲ, ಅದು ಎದುರಿಗೇ ಇರುತ್ತದೆ. ಅವರಿಗೆ ಭಯವಿದ್ದದ್ದು ಸ್ಟಿಯರಿಂಗ್ ಚಕ್ರ ಕೈಬಿಟ್ಟುಹೋಗುವುದರ ಬಗ್ಗೆ. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡು ದೊಡ್ಡಪ್ಪನ ಮನೆಯಲ್ಲಿ ಬೆಳೆದವರು. ಕೂರು ಅಂದಲ್ಲಿ ಕೂತು, ಏಳು ಅಂದಾಗ ಎದ್ದು ದೊಡ್ಡವರಾದವರು. ತಮ್ಮದೇ ಮನಸ್ಸಿನಂತೆ ಎಡಕ್ಕೋ ಬಲಕ್ಕೋ ತಿರುಗಿದ್ದು ಆ ಗಾಡಿಯಲ್ಲಿ ಮಾತ್ರ. ಇದನ್ನು ಅವರು ನನಗೆ ಹೇಳಿದ್ದಲ್ಲ. ಅಮ್ಮ ಹೇಳಿದ್ದು, ಅದೂ ಎಷ್ಟೋ ವರ್ಷದ ಮೇಲೆ.

ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಮೊದಲ ಟೂರು ಬಳ್ಳಿಗಾವಿಗೆ. ನಾನು ಅಪ್ಪನ ಎಡಕ್ಕೆ ಕೂತೆ. ಹೊರಡುವ ಮೊದಲೇ ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು: ಪಕ್ಕದಲ್ಲಿ ಬರುವುದನ್ನೆಲ್ಲ ನಾನು ಹೇಳಬೇಕು, ಇಂಗ್ಲಿಷಿನಲ್ಲಿ, ಮಾತಾಡಿದ ಹಾಗೆ. “ಬಫೆಲೋ ಆನ್ ದ ಲೆಫ್ಟ್, ಅಪ್ಪ.” “ಕಲ್ವರ್ಟ್.” “ಓಲ್ಡ್ ಮ್ಯಾನ್ ವಿತ್ ಅಂಬ್ರೆಲಾ, ಹೀ ಈಸ್ ಸ್ಟಾಪಿಂಗ್.” ಖಾಲಿ ರಸ್ತೆ, ಎಳೆ ಬಿಸಿಲು. ಅಪ್ಪ ಗೇರು ಬದಲಿಸುತ್ತಿದ್ದರೆ ಒಂದು ಕ್ಷಣ ನನಗೂ ಎಲ್ಲ ಮರೆತುಹೋಗುತ್ತಿತ್ತು.

ಬಳ್ಳಿಗಾವಿಯ ದೇವಸ್ಥಾನದ ಹೊರಗೆ ಹುಲ್ಲಿನ ಮೇಲೆ ಎಲ್ಲರೂ ಚಿತ್ರಾನ್ನ ತಿನ್ನುತ್ತಿದ್ದಾಗ ಗೌಡರು ಶುರುಮಾಡಿದರು. ಅವರು ಹೊಸಬಾಳೆಯ ದೊಡ್ಡ ಜಮೀನುದಾರರು, ಸೊರಬದಲ್ಲಿ ಅಕ್ಕಿ ಮಿಲ್ಲು, ಕ್ಲಬ್ಬಿಗೆ ಪ್ರೆಸಿಡೆಂಟು.

“ಎಂತ ಮಾರಾಯ್ರೆ ವಕೀಲ್ರೆ, ದಾರೀಲೆಲ್ಲ ಮಗಳ ಹತ್ರ ಇಂಗ್ಲೀಷ್ ಪಾಠನಾ? ಹಿಂದಿನ ಗಾಡಿಲಿ ಕೂತವ್ರಿಗೆ ಬರೀ ಟಸ್ಸು ಪುಸ್ಸು ಕೇಳ್ತದೆ!”

“ಅವಳನ್ನ ಓದ್ಸಿದ್ದು ವಸೂಲಾಗ್ಬೇಕಲ್ಲ ಗೌಡ್ರೆ,” ಅಂದರು ಅಪ್ಪ.

“ಹಂಗಾರೆ ಅಮ್ಮಯ್ಯ, ನಮ್ಮ ಡಾಕ್ಟ್ರಿಗೂ ಒಂದು ನಾಕು ಮಾತು ಕಲ್ಸು. ಅವ್ರ ಔಷಧಿ ಚೀಟಿ ಕಾಂಪೌಂಡರಿಗೂ ಓದಕ್ಕೆ ಬರಲ್ಲ.”

ಎಲ್ಲರೂ ನಕ್ಕರು, ನಮ್ಮ ಊರಿನ ಆಸ್ಪತ್ರೆಯ ಡಾಕ್ಟರು ಸಹ. ಆದರೆ ನಕ್ಕ ಮೇಲೆ ಅವರು ಅಪ್ಪನನ್ನು ಒಂದು ಗಳಿಗೆ ಸುಮ್ಮನೆ ನೋಡಿದರು. ಕೈಯಲ್ಲಿದ್ದ ಬಾಳೆಹಣ್ಣನ್ನು ಅಪ್ಪನ ಪಕ್ಕಕ್ಕೆ ಚಾಚಿದರು. ಅಪ್ಪ ತೆಗೆದುಕೊಳ್ಳಲಿಲ್ಲ. ನಾನೇ ತೆಗೆದುಕೊಂಡೆ, “ಥ್ಯಾಂಕ್ಯೂ ಡಾಕ್ಟರ್” ಅಂದೆ. ಅವರು ಬೇರೆ ಮಾತು ತೆಗೆದರು.

ಹೀಗೆ ಆ ಚಳಿಗಾಲ ಹೋಯಿತು. ಒಂದು ಸೋಮವಾರ ಅಂಬ್ಲಿಗೊಳದ ಕಡೆ, ಮತ್ತೊಂದು ಸೋಮವಾರ ಸೊರಬದಾಚೆ ಕಾಡಂಚಿನವರೆಗೆ. ಒಂದೊಂದು ಸಲಕ್ಕೂ ನಾನು ಹೇಳಬೇಕಾದ್ದು ಹೆಚ್ಚುತ್ತಾ ಹೋಯಿತು. ಮೊದಲು ಎಮ್ಮೆ, ದನ ಸಾಕಾಗಿತ್ತು. ಆಮೇಲೆ ಮೈಲಿಕಲ್ಲು, ರಸ್ತೆಯ ಅಂಚು, ಮುಂದಿನ ಗಾಡಿ ಎಡಕ್ಕೆ ವಾಲಿದ್ದು. ಮನೆಗೆ ಬಂದಾಗ ನನ್ನ ಗಂಟಲು ಒಣಗಿರುತ್ತಿತ್ತು. ಅಮ್ಮ ಮಜ್ಜಿಗೆ ಕೊಟ್ಟು, “ಅವ್ರನ್ನ ಒಬ್ರನ್ನೇ ಕಳಿಸ್ಬೇಡ ಕಣೆ” ಅನ್ನುತ್ತಿದ್ದರು, ಅಷ್ಟೇ. ಬೇಡ ಅಂತ ಅಪ್ಪನಿಗೆ ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಬೇಸಿಗೆ ಹತ್ತಿರವಾದಾಗ ವರ್ಷದ ಕೊನೆಯ ಟೂರು ಗೊತ್ತಾಯಿತು. ಹೊಸಬಾಳೆಯಲ್ಲಿ ಗೌಡರ ಮಾವಿನ ತೋಪಿನಲ್ಲಿ ಊಟ. ಶಿವಮೊಗ್ಗದಿಂದ ಕಾರಿನ ಹುಚ್ಚಿದ್ದ ಕೆಲವರು ಗೆಸ್ಟುಗಳಾಗಿ ಬರುವವರಿದ್ದರು. ಅವರೆಲ್ಲ ಆಫೀಸಿನ ಮಂದಿ, ಭಾನುವಾರ ಬಿಟ್ಟು ಬೇರೆ ದಿನ ಆಗುವುದಿಲ್ಲ ಅಂದರು. ಗೌಡರಿಗೆ ಅತಿಥಿ ಅಂದರೆ ಪ್ರಾಣ. ಹೂಂ ಅಂದುಬಿಟ್ಟರು.

ಅದು ಹುಲ್ಲು ಸಾಗಿಸುವ ಕಾಲ. ಕಣ ಮುಗಿದು ಊರೂರಿನ ಗಾಡಿಗಳೆಲ್ಲ ರಸ್ತೆಗೆ ಬಂದಿದ್ದವು. ಅಮ್ಮ ಆ ಒಂದು ಸಲ ಬಾಯಿಬಿಟ್ಟರು.

“ಜ್ವರ ಅಂತ ಹೇಳಿ ಕಳಿಸೋಣಾರೀ. ಒಂದು ಸಲ ಹೋಗ್ದಿದ್ರೆ ಏನಾಗ್ತದೆ?”

“ಒಂದು ಸಲ ಬಿಟ್ಟೆ ಅಂದ್ರೆ ಮತ್ತೆ ಹೋಗೋದೇ ಇಲ್ಲ. ನಿಂಗದು ಗೊತ್ತಿಲ್ವಾ?” ಅಂದರು ಅಪ್ಪ. ದನಿ ಏರಿಸಲಿಲ್ಲ. “ಮಗು ಇರ್ತಾಳಲ್ಲ ಪಕ್ಕದಲ್ಲಿ.”

ಭಾನುವಾರ ಬೆಳಿಗ್ಗೆ ಪ್ರವಾಸಿ ಬಂಗಲೆಯ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ನಾನು ಸ್ಕಾರ್ಫ್ ಕಟ್ಟಿಕೊಂಡು ನನ್ನ ಸೀಟಿನಲ್ಲಿ ಕೂತಾಗಿತ್ತು. ಗೌಡರು ಶಿವಮೊಗ್ಗದ ಒಬ್ಬರನ್ನು ತೋಳು ಹಿಡಿದು ಕರೆತಂದರು. ಬಿಳಿ ಪ್ಯಾಂಟು ಹಾಕಿದ ದಪ್ಪನೆಯ ಮನುಷ್ಯ.

“ಅಮ್ಮಯ್ಯ, ಇವತ್ತು ಗೆಸ್ಟಿಗೆ ಬಿಟ್ಕೊಡು. ಒಬ್ಬೊಬ್ರಿಗೂ ಒಂದೊಂದು ಓಪನ್ ಗಾಡಿ ಅಂತ ಮಾತು ಕೊಟ್ಟೀನಿ. ನೀ ನನ್ ಗಾಡಿಗೆ ಬಾ, ಹಿಂದೆ ಜಾಗ ಉಂಟು.”

ನಾನು ಅಪ್ಪನನ್ನು ನೋಡಿದೆ. ಅಪ್ಪ ನೇರ ಮುಂದಕ್ಕೆ, ಬಾನೆಟ್ಟನ್ನು ನೋಡುತ್ತಿದ್ದರು. ನಿಜ ಹೇಳಬಹುದಿತ್ತು, ಹೇಳಿದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಗೆಸ್ಟು ಬೇಡ ಅನ್ನಬಹುದಿತ್ತು. ಅದು ನಮ್ಮ ಕಡೆಯ ರೀತಿಯಲ್ಲ.

“ಗೋ ಆನ್, ಡಿಯರ್,” ಅಂದರು.

ಗೌಡರದ್ದು ನಾಲ್ಕು ಸೀಟಿನ ಉದ್ದನೆಯ ಗಾಡಿ. ಅವರ ಹಿಂದೆ ಕೂತು ಮುಂದೆ ಹೋಗುತ್ತಿದ್ದ ಹಸಿರು ಗಾಡಿಯನ್ನೇ ನೋಡುತ್ತಾ ಹೋದೆ. ಮುಂದಿನ ಗಾಡಿಗಳ ಧೂಳಿನ ನಡುವೆ ಹುಲ್ಲಿನ ಗಾಡಿಗಳು ಮನೆಯಷ್ಟು ಎತ್ತರ ಕಾಣುತ್ತಿದ್ದವು. ಅಪ್ಪ ಒಂದೊಂದನ್ನೂ ನಿಧಾನವಾಗಿ, ಬಹಳ ನಿಧಾನವಾಗಿ ದಾಟುತ್ತಿದ್ದರು. “ವಕೀಲ್ರು ಇವತ್ತು ಮದುವೆ ಮೆರವಣಿಗೆ ಹೊಂಟಾರೆ” ಅಂದು ಗೌಡರು ಹಾರ್ನ್ ಒತ್ತಿದರು. ನನ್ನ ಬಾಯಲ್ಲಿ ಮಾತುಗಳು ತಾವಾಗಿ ಬರುತ್ತಿದ್ದವು, ಲೆಫ್ಟ್, ಲೆಫ್ಟ್, ಕಾರ್ಟ್. ಪಕ್ಕದಲ್ಲಿದ್ದ ಗೌಡರ ತಂಗಿ, “ಎಂತ, ಜಪ ಮಾಡ್ತೀಯಾ?” ಅಂದಳು.

ಶಿರಾಳಕೊಪ್ಪ ದಾಟಿದೆವು. ಅಲ್ಲಿಂದ ಸ್ವಲ್ಪ ಮುಂದೆ ಎಡಗಡೆಯ ಗದ್ದೆಯಿಂದ ಒಂದು ಖಾಲಿ ಗಾಡಿ ರಸ್ತೆಗೆ ಏರುತ್ತಿತ್ತು. ಏರು ಇದ್ದದ್ದರಿಂದ ಎತ್ತುಗಳು ಜೋರಾಗಿ ಎಳೆದು ಒಮ್ಮೆಲೇ ಮೇಲೆ ಬಂದವು. ನಮಗೆಲ್ಲ ದೂರದಿಂದಲೇ ಕಂಡಿತ್ತು. ಗೌಡರು ಬ್ರೇಕಿಗೆ ಕಾಲಿಟ್ಟರು. ಹಸಿರು ಗಾಡಿ ಮಾತ್ರ ಅದೇ ವೇಗದಲ್ಲಿ ನೆಟ್ಟಗೆ ಹೋಯಿತು. ಬಿಳಿ ಪ್ಯಾಂಟಿನವರು ಕೈ ಎತ್ತಿದ್ದು ಕಂಡಿತು.

ಸದ್ದು ಅಷ್ಟೇನೂ ದೊಡ್ಡದಲ್ಲ. ಒಂದು ಎತ್ತು ಕೆಳಗೆ ಬಿತ್ತು. ಅಪ್ಪನ ಗಾಡಿ ಬಲಕ್ಕೆ ಹೊರಳಿ ಚರಂಡಿಯಲ್ಲಿ ಮೂತಿಯೂರಿ ನಿಂತಿತು. ಗೆಸ್ಟಿಗೆ ಹಣೆ ಸ್ವಲ್ಪ ಗೀರಿತ್ತು. ಅಪ್ಪನಿಗೆ ಏನೂ ಆಗಿರಲಿಲ್ಲ. ಗಾಡಿಯವನು ಕೆಳಗೆ ಹಾರಿ ನೊಗದ ಕಣ್ಣಿ ಬಿಚ್ಚುತ್ತಿದ್ದ. ಎತ್ತಿನ ಮುಂಗಾಲು ಮುರಿದಿತ್ತು.

“ಕಣ್ಣು ಕಾಣಂಗಿಲ್ಲೇನ್ರೀ ನಿಮಗೆ! ಇಷ್ಟು ದೊಡ್ಡ ಗಾಡಿ ಕಾಣ್ಲಿಲ್ಲೇನು?”

ಮೋಟಾರಿನವರಿಗೆ ಯಾರಾದರೂ ಬೈಯುವ ಬೈಗುಳವೇ ಅದು. ಗೌಡರು ಜಗಳಕ್ಕೆ ಸಿದ್ಧರಾಗಿ ಪಂಚೆ ಎತ್ತಿ ಕಟ್ಟುತ್ತಾ ಓಡಿದರು. ಅಷ್ಟರಲ್ಲಿ ಅಪ್ಪ ಚರಂಡಿಯಿಂದ ಹತ್ತಿ ರಸ್ತೆಗೆ ಬಂದಿದ್ದರು.

“ಕಾಣ್ಲಿಲ್ಲಪ್ಪಾ,” ಅಂದರು. ಆಮೇಲೆ ಸುತ್ತ ತಿರುಗಿ, “ಎತ್ತು ಎಲ್ಲಿದೆ?” ಅಂತ ಕೇಳಿದರು.

ಎತ್ತು ಅವರ ಕಾಲಿನಿಂದ ಒಂದು ಮಾರಿನಷ್ಟು ದೂರದಲ್ಲಿ, ಪಕ್ಕದಲ್ಲೇ ಬಿದ್ದಿತ್ತು. ಗಾಡಿಯವನು ಬೈಯುವುದನ್ನು ನಿಲ್ಲಿಸಿದ. ಎತ್ತು ಉಸಿರುಬಿಡುವುದು ಮಾತ್ರ ಕೇಳುತ್ತಿತ್ತು. ಅಪ್ಪ ಆ ಸದ್ದಿನ ಕಡೆ ತಿರುಗಿ, ಕೈ ಮುಂದೆ ಚಾಚಿ ಬಗ್ಗಿ, ಅದರ ಕೊಂಬು ಸಿಕ್ಕಿದ ಮೇಲೆ ಅಲ್ಲೇ ಮೊಣಕಾಲೂರಿ ಕೂತರು. ಡಾಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ, “ಹೌ ಲಾಂಗ್?” ಅಂದರು.

ಆ ದಿನ ತೋಪಿನ ಊಟಕ್ಕೆ ನಾವು ಹೋಗಲಿಲ್ಲ. ಗಾಡಿಯನ್ನು ಚರಂಡಿಯಿಂದ ಎತ್ತಿ, ಡಾಕ್ಟರೇ ಓಡಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಮರುದಿನ ಅಪ್ಪ ನಮ್ಮ ಗದ್ದೆಯ ಜೋಡಿಯಲ್ಲಿ ಒಳ್ಳೆಯ ಎತ್ತನ್ನು ಆ ಮನುಷ್ಯನ ಮನೆಗೆ ಹೊಡೆಸಿ ಕಳಿಸಿದರು. ಅವನು ಕಟ್ಟಿಕೊಂಡನಂತೆ.

ಮಳೆ ಹಿಡಿಯುವ ಮೊದಲು ಗೌಡರು ಮನೆಗೆ ಬಂದರು. ಅವರು ಬಂದರೆ ಮನೆ ತುಂಬ ಸದ್ದು. ಆ ದಿನ ಮೆಲ್ಲಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಮ್ಮ ಕಾಫಿ ಕೊಟ್ಟರು. ಗೌಡರು ಲೋಟ ಹಿಡಿದುಕೊಂಡೇ ಕೂತಿದ್ದರು.

“ವಕೀಲ್ರೆ, ನಾವೆಲ್ಲ ಸೇರಿ ರೂಲು ಬದಲಾಯ್ಸಿದ್ವು. ಡ್ರೈವರ್ ಇಟ್ಕಂಡ್ರೂ ಅಡ್ಡಿಲ್ಲ ಅಂತ. ನನ್ ಮಿಲ್ಲಿನ ಡ್ರೈವರ್ರೇ ಬರ್ತಾನೆ. ನೀವು ಪಕ್ಕದಲ್ಲಿ ಕೂತ್ರೆ ಆತು.”

“ಎಲ್ರೂ ಒಪ್ಪಿದ್ರಾ?”

“ಒಬ್ರೂ ಎದುರು ಮಾತಾಡ್ಲಿಲ್ಲ ಮಾರಾಯ್ರೆ.”

ಅಪ್ಪ ತಲೆಯಾಡಿಸಿದರು. “ನಮ್ಮ ಕ್ಲಬ್ಬಲ್ಲಿ ಯಾವ್ದಕ್ಕಾದ್ರೂ ಒಬ್ರಾದ್ರೂ ಜಗಳ ಆಡದೆ ಬಿಟ್ಟಿದ್ದುಂಟಾ ಗೌಡ್ರೆ? ಎಷ್ಟು ಕನಿಕರ ಬಂದಿರ್ಬೇಕು ನಿಮಗೆಲ್ಲ.”

“ಹಂಗಲ್ಲ...”

“ನನ್ನ ಹೆಸ್ರು ತೆಗೀರಿ. ರೂಲು ಮೊದಲಿದ್ದ ಹಾಗೇ ಇರ್ಲಿ.”

ಗೌಡರ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪನಿಗೆ ಅದು ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರು ಹೋದ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ. “ನಾನು ಕಲೀಲಾ ಅಪ್ಪ? ಐ ಕುಡ್ ಡ್ರೈವ್ ಯೂ.”

“ನೀನು ಚೆನ್ನಾಗೇ ಓಡಿಸ್ತೀಯ,” ಅಂದರು. “ಆದ್ರೆ ನಂಗೆ ಕೂತು ಹೋಗೋದು ಬೇಡ ಮಗೂ. ಅದು ಸಾಕಷ್ಟು ಆಗಿದೆ.”

ಗಾಡಿ ಮಾರುವುದೆಂದಾಯಿತು. ಹುಬ್ಬಳ್ಳಿಯಿಂದ ಕೊಳ್ಳುವವರೊಬ್ಬರು ಬಂದರು, ಸಂಭಾವಿತ ಮನುಷ್ಯ. ಗಾಡಿಯ ಎರಡನೇ ಗೇರು ಹಟಮಾರಿ, ಅದನ್ನು ಹಾಕುವುದು ಹೇಗೆಂದು ತೋರಿಸಿ ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ಅಂಗಳದಲ್ಲೇ ಗಾಡಿಯೊಳಗೆ ಕೂತು, ಎಂಜಿನ್ ಸ್ಟಾರ್ಟ್ ಮಾಡಿಸಿ, ಹೊರಗಿನಿಂದ ಬಗ್ಗಿದ ಅವರ ಕೈಯನ್ನು ಗೇರಿನ ಮೇಲಿಟ್ಟು ಅದರ ಮೇಲೆ ತಮ್ಮ ಕೈಯಿಟ್ಟು ತೋರಿಸಿದರು. ಅವರಿಗೆ ಬೇಗನೆ ತಿಳಿಯಿತು. ಕೈ ತೆಗೆದು ಪಕ್ಕಕ್ಕೆ ಸರಿದು ನಿಂತರು. ಅಪ್ಪ ಇಳಿಯಲಿಲ್ಲ. ಎರಡು ಕೈಯಲ್ಲೂ ಚಕ್ರ ಹಿಡಿದು, ನಿಂತ ಗಾಡಿಯಲ್ಲಿ, ಎದುರಿನ ಅಂಗಳದ ಗೋಡೆಯನ್ನು ನೋಡುತ್ತಾ ಕೂತರು. ಎಂಜಿನ್ ಓಡುತ್ತಲೇ ಇತ್ತು. ಹೊಗೆ ನಡುಮನೆಗೆ ಬಂತು, ಅಲ್ಲಿಂದ ಅಡುಗೆಮನೆಗೆ.

ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದು, “ಸಾಕು ಅಂತ ಹೋಗಿ ಹೇಳೇ,” ಅಂದರು.

ನಾನು ಹೋಗಲಿಲ್ಲ. ಅಮ್ಮನೂ ಹೋಗಲಿಲ್ಲ. ಹುಬ್ಬಳ್ಳಿಯವರು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಿಸಿಲಲ್ಲಿ ಕಾಯುತ್ತಾ ನಿಂತಿದ್ದರು. ಕೊನೆಗೆ ಅಪ್ಪನೇ ಕೈಚಾಚಿ ಎಂಜಿನ್ ಆರಿಸಿದರು.